ಗಾಜಿನ ಒಳಗಿನ ಮಂಜು

ಸಕಲೇಶಪುರವನ್ನು ದಾಟಿ ಮಂಗಳೂರಿನ ದಾರಿ ಹಿಡಿದವರಿಗೆ ದೋಣಿಗಾಲ್ ಬಳಿ, ಬೆಟ್ಟದ ನೆತ್ತಿಯ ಮೇಲೆ, ಒಂದು ಕೋಟೆ ಎದುರಾಗುತ್ತದೆ. ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿ ಟೀಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಕೋಟೆ ಅದು. ಕಟ್ಟಿದ ಕೋಟೆಯನ್ನು ನೋಡಲು ಸುಲ್ತಾನನು ಬಂದಾಗ ಕೋಟೆ ಕಾಣಲಿಲ್ಲವಂತೆ, ಮಂಜು ಮಾತ್ರ ಕಂಡಿತಂತೆ; ಮಂಜರಾಬಾದ್ ಎಂಬ ಹೆಸರು ಬಂದದ್ದು ಹಾಗೆ ಎಂದು ಆ ಕಡೆಯ ಜನ ಹೇಳುತ್ತಾರೆ. ಕಥೆ ಹೇಗಾದರೂ ಇರಲಿ, ಮಂಜು ಮಾತ್ರ ಸುಳ್ಳಲ್ಲ. ಸಕಲೇಶಪುರದ ತಾಲ್ಲೂಕಿಗೇ ಹಿಂದೆ ಮಂಜರಾಬಾದ್ ಎಂಬ ಹೆಸರಿತ್ತು. ಜೂನ್ ತಿಂಗಳಲ್ಲಿ ಮುಂಗಾರು ಘಟ್ಟವನ್ನೇರಿತೆಂದರೆ ಹೆತ್ತೂರು, ಯಸಳೂರು, ಹಾನುಬಾಳಿನ ಬೆಟ್ಟಗಳಿಂದ ಹಿಡಿದು ಆಲೂರಿನ ಮಗ್ಗೆ, ಕೆಂಚಮ್ಮನ ಹೊಸಕೋಟೆಗಳವರೆಗೆ ಕಾಫಿಯ ತೋಟಗಳೆಲ್ಲ ಬೆಳ್ಳನೆಯ ಮುಸುಕೆಳೆದುಕೊಂಡು ಕುಳಿತುಬಿಡುತ್ತವೆ.

ಈ ಹೊರಗಿನ ಮಂಜಿಗೆ ಅಲ್ಲಿನ ವಾಹನ ಚಾಲಕರು ಹೆದರುವುದಿಲ್ಲ. ದೀಪ ಹೊತ್ತಿಸಿ, ವೇಗ ತಗ್ಗಿಸಿ, ರಸ್ತೆಯ ಬಿಳಿಯ ಗೆರೆಯನ್ನು ಹಿಡಿದು ಸಾಗುವುದು ಅವರಿಗೆ ರೂಢಿಯಾಗಿದೆ. ಅವರು ಹೆದರುವುದು ಇನ್ನೊಂದು ಮಂಜಿಗೆ. ಅದು ಹುಟ್ಟುವುದು ಬೆಟ್ಟದಲ್ಲಲ್ಲ, ಗಾಡಿಯೊಳಗೆ ಕುಳಿತವರ ಉಸಿರಿನಲ್ಲಿ. ಅದನ್ನು ಅಳಿಸುವ ಸಾಧನ ಡ್ಯಾಶ್‌ಬೋರ್ಡಿನ ಹಿಂದೆ ಅಡಗಿ ಕುಳಿತಿರುವ, ಬೊಗಸೆಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದೊಂದು ಪಂಖ. ಹೀಟರಿನ ಬ್ಲೋವರ್ ಎಂದು ಅದಕ್ಕೆ ಹೆಸರು.

ಘಟ್ಟದ ಮೇಲೊಂದು ರಾತ್ರಿ

ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಪರಿಚಿತವಾದಂಥ ಒಂದು ರಾತ್ರಿಯನ್ನು ವಾಚಕರು ಕಣ್ಣೆದುರಿಗೆ ತಂದುಕೊಳ್ಳಲಿ. ಜುಲೈ ತಿಂಗಳು. ಆಲೂರಿನ ಕಡೆಯ ತರುಣನೊಬ್ಬ ಬೆಳಗಿನ ಜಾವ ಪಿಕಪ್ ಗಾಡಿಯಲ್ಲಿ ತರಕಾರಿ ಹೇರಿಕೊಂಡು ಮಂಗಳೂರಿಗೆ ಹೋಗಿದ್ದಾನೆ. ಅಲ್ಲಿನ ಆಸ್ಪತ್ರೆಯಲ್ಲಿ ಅವನ ತಾಯಿಗೆ ಕಣ್ಣಿನ ಪೊರೆ ತೆಗೆದಿದ್ದಾರೆ. ಹಿಂದಿರುಗುವಾಗ ಪಕ್ಕದಲ್ಲಿ ಹೆಂಡತಿ, ಆಚೆಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ತಾಯಿ. ಮೂವರ ಬಟ್ಟೆಯೂ ಮಳೆಗೆ ನೆನೆದಿದೆ. ಎರಚಲು ಬೀಳದಿರಲೆಂದು ಕಿಟಕಿಗಳನ್ನು ಭದ್ರವಾಗಿ ಏರಿಸಿದ್ದಾರೆ.

ಗುಂಡ್ಯ ದಾಟಿ ಶಿರಾಡಿ ಘಟ್ಟದ ಏರು ಆರಂಭವಾದಾಗ ಬ್ಲೋವರ್ ತಿರುಗುತ್ತಿತ್ತು. ತಿರುಗುತ್ತ ನರಳುತ್ತಲೂ ಇತ್ತು. ಅರ್ಧ ಘಟ್ಟ ಏರುವಷ್ಟರಲ್ಲಿ ಆ ನರಳಿಕೆ ನಿಂತುಹೋಯಿತು. ಎರಡು ನಿಮಿಷ ಕಳೆದಿರಲಿಕ್ಕಿಲ್ಲ, ಗಾಜಿನ ಅಂಚಿನಿಂದ ಬಿಳುಪು ಹಬ್ಬತೊಡಗಿತು. ಹೆಂಡತಿ ಸೆರಗಿನಿಂದ ಒರೆಸಿದಳು. ಒರೆಸಿದ ಕಡೆ ನೀರಿನ ಗೆರೆಗಳು ಮೂಡಿದವು, ಮರುಗಳಿಗೆಗೆ ಮತ್ತೆ ಬಿಳುಪು. ಅಷ್ಟರಲ್ಲಿ ತಿರುವಿನಾಚೆಯಿಂದ ಟ್ಯಾಂಕರೊಂದು ಇಳಿದುಬಂತು. ಅದರ ದೀಪದ ಬೆಳಕು ಬಿದ್ದದ್ದೇ ತಡ, ಗಾಜೆಲ್ಲ ಹಾಲಿನ ಪರದೆಯಂತೆ ಬೆಳಗಿತು. ರಸ್ತೆಯಿಲ್ಲ, ಕಣಿವೆಯಿಲ್ಲ, ಟ್ಯಾಂಕರೂ ಇಲ್ಲ, ಬರಿಯ ಬೆಳಕು. ಅವನು ಬ್ರೇಕಿನ ಮೇಲೆ ಕಾಲಿಟ್ಟು ಉಸಿರು ಬಿಗಿಹಿಡಿದು ನಿಂತ. ಟ್ಯಾಂಕರು ಪಕ್ಕದಿಂದ ಗಡಗಡನೆ ಸಾಗಿಹೋಯಿತು. ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ ನೋಡಿದಾಗ ಎಡಗಡೆಯ ಚಕ್ರ ರಸ್ತೆಯ ಅಂಚಿನಿಂದ ಒಂದು ಗೇಣಿನಷ್ಟು ದೂರದಲ್ಲಿತ್ತು.

"ಮಗಾ, ನನ್ನ ಕಣ್ಣಿನ ಪೊರೆ ತೆಗೆಸಿದೆ. ನಿನ್ನ ಗಾಡಿಯ ಪೊರೆ ಯಾರು ತೆಗೀತಾರೋ?" ಎಂದಳು ತಾಯಿ.

ಆಕೆ ಹಾಸ್ಯಕ್ಕೆ ಹೇಳಿದ ಮಾತಾದರೂ ಅದರೊಳಗೆ ಭಯವಿತ್ತು.

ಉಸಿರು ಹನಿಯಾಗುವ ಬಗೆ

ಗಾಳಿಯಲ್ಲಿ ನೀರಿನ ಆವಿ ಕಣ್ಣಿಗೆ ಕಾಣದಂತೆ ಬೆರೆತಿರುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಹೆಚ್ಚು ಆವಿ ಇರಬಲ್ಲದು, ತಣ್ಣನೆಯ ಗಾಳಿಯಲ್ಲಿ ಕಡಮೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ಆವಿ ನಿಲ್ಲುತ್ತದೆ. ಅದೇ ಗಾಳಿಯನ್ನು 20 ಡಿಗ್ರಿಗೆ ತಣಿಸಿದರೆ ಸುಮಾರು 17 ಗ್ರಾಂ ಮಾತ್ರ. ಮಿಕ್ಕದ್ದು ನೀರಾಗಿ ಎಲ್ಲಿಯಾದರೂ ಕೂರಲೇಬೇಕು. ಕರಾವಳಿಯ ಸೆಖೆಯ ಗಾಳಿಯನ್ನು ಗಾಡಿಯೊಳಗೆ ಮುಚ್ಚಿಟ್ಟುಕೊಂಡು, ಅದಕ್ಕೆ ಮೂವರ ಉಸಿರನ್ನೂ ಒದ್ದೆ ಬಟ್ಟೆಯ ಆವಿಯನ್ನೂ ಬೆರೆಸಿ, ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಸಕಲೇಶಪುರದತ್ತ ಏರುತ್ತ ಹೋದರೆ, ಹೊರಗಿನ ಮಳೆಗೂ ಗಾಳಿಗೂ ಗಾಜು ತಣ್ಣಗಾಗುತ್ತದೆ. ಒಳಗಿನ ಆವಿಯೆಲ್ಲ ಆ ತಣ್ಣನೆಯ ಗಾಜಿನ ಮೇಲೆ ಸಣ್ಣ ಸಣ್ಣ ಹನಿಯಾಗಿ ಅಂಟಿಕೊಳ್ಳುತ್ತದೆ. ಒಂದೊಂದು ಹನಿಯೂ ಬೆಳಕನ್ನು ನಾಲ್ಕು ದಿಕ್ಕಿಗೆ ಚೆದುರಿಸುವುದರಿಂದ ಎದುರು ದೀಪ ಬಿದ್ದಾಗ ಕಣ್ಣು ಕುರುಡಾಗುತ್ತದೆ.

ಗಾಜಿನ ಹೊರಮೈ ಒರೆಸುವ ಕಡ್ಡಿಯನ್ನು ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ ಕಂಡುಹಿಡಿದು 1903ರಲ್ಲಿಯೇ ಹಕ್ಕುಪತ್ರ ಪಡೆದಿದ್ದಳು. ಆದರೆ ಹೊರಗೆ ಎಷ್ಟು ಒರೆಸಿದರೂ ಒಳಗಿನ ಹನಿ ಹೋಗದು. ಅದಕ್ಕೆ ಇರುವುದು ಒಂದೇ ಉಪಾಯ: ಗಾಜಿನ ಒಳಮೈಗೆ ಬಿಸಿಯಾದ, ಒಣಗಿದ ಗಾಳಿಯನ್ನು ಎಡೆಬಿಡದೆ ಊದುವುದು.

ಬಿಸಿಗೆ ಬೇರೆ ಒಲೆ ಬೇಕಾಗಿಲ್ಲ. ಎಂಜಿನ್ನಿನ ಕಾವನ್ನು ಹೊತ್ತು ತಿರುಗುವ ನೀರಿನಲ್ಲಿ ಒಂದು ಪಾಲು, ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿನೊಳಗೆ ಹಾದುಹೋಗುತ್ತದೆ. ಬ್ಲೋವರ್ ಆ ರೇಡಿಯೇಟರಿನ ಮೂಲಕ ಗಾಳಿಯನ್ನು ತಳ್ಳಿ ಗಾಜಿನ ಬುಡಕ್ಕೆ ಬಿಡುತ್ತದೆ. ಪಂಖ ನಿಂತರೆ ಎಂಜಿನ್ನಿನಲ್ಲಿ ಎಷ್ಟು ಕಾವಿದ್ದರೂ ಗಾಜಿಗೆ ಮುಟ್ಟದು.

ಟೀ ತೋಟದಿಂದ ಬಂದ ಚಕ್ರ

ಈ ಪಂಖ ಮನೆಯ ಫ್ಯಾನಿನಂತೆ ಮೂರು ರೆಕ್ಕೆಯದಲ್ಲ. ಎರಡು ಬಳೆಗಳ ನಡುವೆ ಹತ್ತಾರು ಕಿರಿದಾದ ಅಲಗುಗಳನ್ನು ಸಾಲಾಗಿ ನಿಲ್ಲಿಸಿದಂತಿರುತ್ತದೆ. ಅಳಿಲಿನ ಪಂಜರ ಎಂದು ಪಾಶ್ಚಾತ್ಯರು ಅದಕ್ಕೆ ಅಡ್ಡಹೆಸರಿಟ್ಟಿದ್ದಾರೆ. ನಡುವಿನಿಂದ ಗಾಳಿಯನ್ನು ಎಳೆದು ಸುತ್ತಲೂ ಎಸೆಯುವುದು ಅದರ ಕೆಲಸ. ಚಿಕ್ಕ ಜಾಗದಲ್ಲಿ ಹೆಚ್ಚು ಗಾಳಿ ಸಾಗಿಸಬಲ್ಲ ಈ ಚಕ್ರದ ಮೂಲ ಒಂದು ತೋಟದಲ್ಲಿದೆಯೆಂಬುದು ಕಾಫಿಯ ನಾಡಿನವರಿಗೆ ಹಿತವೆನಿಸುವ ಸಂಗತಿ.

ಉತ್ತರ ಐರ್ಲೆಂಡಿನ ಸ್ಯಾಮ್ಯುಯೆಲ್ ಕ್ಲೆಲೆಂಡ್ ಡೇವಿಡ್‌ಸನ್ ಎಂಬಾತ 1864ರಲ್ಲಿ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಅಸ್ಸಾಮಿನ ಕಛಾರ್ ಸೀಮೆಯ ಟೀ ತೋಟಕ್ಕೆ ಕೆಲಸಕ್ಕೆ ಬಂದ. ಆಗ ಟೀ ಎಲೆಯನ್ನು ಇದ್ದಲಿನ ಕೆಂಡದ ಮೇಲೆ ಒಣಗಿಸುತ್ತಿದ್ದರು. ಹೊಗೆ ಹಿಡಿಯುತ್ತಿತ್ತು, ಸೀದುಹೋಗುತ್ತಿತ್ತು. ಬಿಸಿಗಾಳಿಯಿಂದ ಒಣಗಿಸುವ ಯಂತ್ರಗಳನ್ನು ಆತ ರೂಪಿಸಿದ. ಸಹಾರಾ ಮರುಭೂಮಿಯ ಬಿಸಿಗಾಳಿಯ ಹೆಸರಾದ 'ಸಿರಾಕೊ' ಎಂಬುದನ್ನೇ ಅವಕ್ಕಿಟ್ಟು 1881ರಲ್ಲಿ ಬೆಲ್‌ಫಾಸ್ಟಿನಲ್ಲಿ ಕಾರ್ಖಾನೆ ತೆರೆದ. ಆ ಗಾಳಿಯನ್ನು ತಳ್ಳಲು ಉತ್ತಮವಾದ ಪಂಖ ಬೇಕೆಂದು ಹುಡುಕುತ್ತ ಹೋಗಿ, ಮುಂದಕ್ಕೆ ಬಾಗಿದ ಕಿರುಅಲಗುಗಳ ಚಕ್ರಕ್ಕೆ 1898ರಲ್ಲಿ ಹಕ್ಕುಪತ್ರ ಪಡೆದ. ಇಂದು ಮೋಟಾರು ವಾಹನಗಳ ಹೀಟರಿನಲ್ಲಿ ತಿರುಗುವುದೂ ಅದೇ ವಂಶದ ಚಕ್ರ. ಟೀ ಸೊಪ್ಪನ್ನು ಒಣಗಿಸಲು ಹುಟ್ಟಿದ್ದು ಈಗ ಕಾಫಿಯ ಬೆಟ್ಟದಲ್ಲಿ ಗಾಜನ್ನು ಒಣಗಿಸುತ್ತಿದೆ.

"ಫ್ಯೂಸು ದೊಡ್ಡದು ಹಾಕಿಬಿಡಿ, ಅಣ್ಣಾ"

ಮರುದಿನ ಬೆಳಿಗ್ಗೆ ನಮ್ಮ ತರುಣ ಸಕಲೇಶಪುರದ ಪೇಟೆಯಲ್ಲಿ, ವಾಹನಗಳ ವಿದ್ಯುತ್ ಕೆಲಸ ಮಾಡುವ ಹಿರಿಯನೊಬ್ಬನ ಅಂಗಡಿಯ ಮುಂದೆ ಗಾಡಿ ನಿಲ್ಲಿಸುತ್ತಾನೆ. ಇಂಥ ಹಿರಿಯರು ಮೊದಲು ಕೈಗೆ ಉಪಕರಣ ತೆಗೆದುಕೊಳ್ಳುವುದಿಲ್ಲ, ಪ್ರಶ್ನೆ ಕೇಳುತ್ತಾರೆ.

"ಒಂದೇ ಸಲ ನಿಂತಿತೋ, ಮೊದಲಿಂದ ತೊಂದರೆ ಇತ್ತೋ, ತಮ್ಮಾ?"

"ಹದಿನೈದು ದಿನದಿಂದ ಒಂದು, ಎರಡು, ಮೂರರಲ್ಲಿ ತಿರುಗ್ತಿರಲಿಲ್ಲ, ಅಣ್ಣಾ. ನಾಲ್ಕಕ್ಕೆ ಇಟ್ಟರೆ ಜೋರಾಗಿ ತಿರುಗ್ತಿತ್ತು. ಹೇಗೂ ತಿರುಗುತ್ತಲ್ಲ ಅಂತ ಸುಮ್ಮನಿದ್ದೆ."

"ಸದ್ದು?"

"ಸದ್ದು ಆಗ್ತಿತ್ತು. ಮಳೆಗಾಲ ಅಲ್ಲವಾ, ಅದಕ್ಕೇನೋ ಅಂದ್ಕೊಂಡೆ."

ಅರ್ಧ ರೋಗ ಇಷ್ಟರಲ್ಲಿಯೇ ತಿಳಿದುಹೋಯಿತು. ಬ್ಲೋವರಿನ ಸ್ವಿಚ್ಚಿಗೆ ನಾಲ್ಕು ವೇಗಗಳಿದ್ದರೆ, ನಾಲ್ಕನೆಯದರಲ್ಲಿ ಬ್ಯಾಟರಿಯ 12 ವೋಲ್ಟೂ ನೇರವಾಗಿ ಮೋಟಾರಿಗೆ ಹೋಗುತ್ತದೆ. ಮಿಕ್ಕ ಮೂರು ವೇಗಗಳಲ್ಲಿ ವಿದ್ಯುತ್ತು ರೆಸಿಸ್ಟರ್ ಎಂಬ ತಂತಿಸುರುಳಿಗಳ ಮೂಲಕ ಹಾದುಹೋಗಬೇಕು. ಸುರುಳಿ ತಾನಷ್ಟು ಶಕ್ತಿಯನ್ನು ಕಾವಾಗಿ ನುಂಗಿ ಮೋಟಾರಿನ ವೇಗ ತಗ್ಗಿಸುತ್ತದೆ. ಕೊನೆಯ ವೇಗವೊಂದೇ ಉಳಿದು ಮಿಕ್ಕವು ಸತ್ತಿದ್ದರೆ ಸಾಮಾನ್ಯವಾಗಿ ರೆಸಿಸ್ಟರೇ ಹೋಗಿದೆಯೆಂದು ಅರ್ಥ. ಈಚಿನ ಕೆಲವು ಗಾಡಿಗಳಲ್ಲಿ ಸುರುಳಿಗೆ ಬದಲು ಎಲೆಕ್ಟ್ರಾನಿಕ್ ನಿಯಂತ್ರಕವಿರುತ್ತದೆ. ಅಲ್ಲಿ ಲಕ್ಷಣ ಬೇರೆ.

ಆದರೆ ರಾತ್ರಿ ನಾಲ್ಕನೆಯ ವೇಗವೂ ನಿಂತದ್ದೇಕೆ? ಹಿರಿಯ ಫ್ಯೂಸಿನ ಪೆಟ್ಟಿಗೆ ತೆರೆದು ನೋಡಿದ. ಬ್ಲೋವರಿನ ಫ್ಯೂಸು ಸುಟ್ಟಿತ್ತು.

"ಅಷ್ಟೇನಾ! ಹಾಗಾದ್ರೆ ಸ್ವಲ್ಪ ದೊಡ್ಡ ಫ್ಯೂಸು ಹಾಕಿಬಿಡಿ, ಅಣ್ಣಾ. ಮತ್ತೆ ಹೋಗದ ಹಾಗೆ."

"ಮನೆಗೆ ಕಳ್ಳ ಬಂದಾಗ ನಾಯಿ ಬೊಗಳುತ್ತೆ ಅಂತ ನಾಯಿ ಬಾಯಿ ಕಟ್ತೀಯೇನಪ್ಪಾ?" ಎಂದು ಹಿರಿಯ ನಕ್ಕ.

ಆ ನಗುವಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಫ್ಯೂಸು ಇರುವುದು ತಂತಿಯನ್ನು ಕಾಯುವುದಕ್ಕೆ. ಮಿತಿಮೀರಿ ವಿದ್ಯುತ್ತು ಹರಿದಾಗ ತಾನು ಸುಟ್ಟುಕೊಂಡು ತಂತಿಯನ್ನು ಉಳಿಸುತ್ತದೆ. ಅದರ ಜಾಗಕ್ಕೆ ಹೆಚ್ಚಿನ ಆಂಪಿಯರಿನ ಫ್ಯೂಸನ್ನೋ ತಾಮ್ರದ ಎಳೆಯನ್ನೋ ಸಿಕ್ಕಿಸಿದರೆ ಮುಂದಿನ ಸಲ ಸುಡುವುದು ಡ್ಯಾಶ್‌ಬೋರ್ಡಿನೊಳಗಿನ ತಂತಿ. ಗಾಡಿಗೆ ಬೆಂಕಿ ಬೀಳಲು ಅಷ್ಟೇ ಸಾಕು.

ಎಲೆಯ ಕೈವಾಡ

ಅಳತೆಗೆ ಸರಿಯಾದ ಹೊಸ ಫ್ಯೂಸು ಹಾಕಿ ಸ್ವಿಚ್ಚನ್ನು ನಾಲ್ಕಕ್ಕೆ ತಿರುಗಿಸಿದಾಗ ಪಂಖ ತಿರುಗಿತು, ನರಳುತ್ತಲೇ. ಆಂಪಿಯರ್ ಅಳೆಯುವ ಮೀಟರು ಹಿಡಿದರೆ ಮುಳ್ಳು ಇರಬೇಕಾದ ಜಾಗಕ್ಕಿಂತ ಬಹಳ ಮೇಲಿತ್ತು. ಮೋಟಾರು ಯಾವುದೋ ಭಾರವನ್ನು ಎಳೆಯುತ್ತಿದೆ!

ಹಿರಿಯ ಕೀಲಿ ತೆಗೆದು, ಬ್ಯಾಟರಿಯ ತಂತಿ ಕಳಚಿ, ಎಡಗಡೆಯ ಸಾಮಾನು ಪೆಟ್ಟಿಗೆಯನ್ನು ಬಿಚ್ಚಿದ. ಅದರ ಹಿಂದೆ ಮೂರು ಸ್ಕ್ರೂ ಸಡಿಲಿಸಿದಾಗ ಮೋಟಾರು ಚಕ್ರಸಮೇತ ಕೈಗೆ ಬಂತು. ಅದರ ಜೊತೆಗೆ ಬಂದದ್ದನ್ನು ನೋಡಿ ತರುಣ ಬೆಪ್ಪಾದ. ಸಿಲ್ವರ್ ಓಕ್ ಮರದ ಒಣ ಎಲೆ ಒಂದು ಬೊಗಸೆ. ಅದರ ನಡುವೆ ಹತ್ತಿ, ಗೋಣಿಯ ನಾರು, ಕಾಫಿಯ ಹೊಟ್ಟು ಸೇರಿಸಿ ಇಲಿಯೊಂದು ಕಟ್ಟಿದ ಗೂಡು. ತೋಟದ ನೆರಳಿನಲ್ಲಿ ಗಾಡಿ ನಿಲ್ಲಿಸುವವರಿಗೆಲ್ಲ ಇದು ತಪ್ಪಿದ್ದಲ್ಲ. ಗಾಜಿನ ಬುಡದಲ್ಲಿ, ಬಾನೆಟ್ಟಿನ ಅಂಚಿನಲ್ಲಿ, ಗಾಳಿ ಒಳಹೋಗುವ ಸೀಳುಗಳಿರುತ್ತವೆ. ಎಲೆ ಅಲ್ಲಿಂದ ಇಳಿಯುತ್ತದೆ. ಮಳೆಗಾಲದಲ್ಲಿ ಬೆಚ್ಚನೆಯ ಮೂಲೆ ಹುಡುಕುವ ಇಲಿಯೂ ಅಲ್ಲಿಂದಲೇ ಇಳಿಯುತ್ತದೆ.

ಈಗ ಘಟನೆಗಳ ಸರಪಳಿ ಸ್ಪಷ್ಟವಾಯಿತು. ರೆಸಿಸ್ಟರನ್ನು ತಯಾರಕರು ಗಾಳಿಯ ದಾರಿಯಲ್ಲಿಯೇ ಇಟ್ಟಿರುತ್ತಾರೆ. ಸುರುಳಿಯ ಮೇಲೆ 8 ವೋಲ್ಟ್ ಉಳಿದು 4 ಆಂಪಿಯರ್ ಹರಿಯುತ್ತಿದೆಯೆಂದು ಭಾವಿಸಿದರೆ 32 ವ್ಯಾಟಿನ ಕಾವು ಹುಟ್ಟಿತು. ಪಂಖದ ಗಾಳಿಯೇ ಅದನ್ನು ಆರಿಸಬೇಕು. ಎಲೆ ತುಂಬಿ ಚಕ್ರ ನಿಧಾನವಾಯಿತು, ಗಾಳಿ ಕಡಮೆಯಾಯಿತು, ಎಳೆಯಲಾರದೆ ಮೋಟಾರು ಹೆಚ್ಚು ವಿದ್ಯುತ್ತು ಕುಡಿಯಿತು. ಹೀಗೆ ಕಾವು ಹೆಚ್ಚಿತು, ತಂಪು ತಗ್ಗಿತು. ರೆಸಿಸ್ಟರಿನೊಳಗಿರುವ, ಕಾವಿಗೆ ಕಡಿಯುವ ಪುಟ್ಟ ಫ್ಯೂಸು ಕಡಿದು ಮೂರು ವೇಗಗಳು ಸತ್ತವು. ತರುಣ ಅಂದಿನಿಂದ ನಾಲ್ಕನೆಯ ವೇಗದಲ್ಲಿಯೇ ಓಡಿಸಿದ. ಎಲೆಯ ಭಾರ ದಿನೇ ದಿನೇ ಬೆಳೆಯಿತು. ಕೊನೆಗೊಂದು ರಾತ್ರಿ, ಘಟ್ಟದ ನಡುವೆ, ದೊಡ್ಡ ಫ್ಯೂಸೂ ಹೋಯಿತು. ಹದಿನೈದು ದಿನ ಮೊದಲೇ ಗಾಡಿ ಎಚ್ಚರಿಕೆ ಹೇಳಿತ್ತು, ಕೇಳಿಸಿಕೊಂಡವರಿರಲಿಲ್ಲ.

ಹಿರಿಯ ಚಕ್ರವನ್ನು ಬ್ರಶ್ಶಿನಿಂದ ಉಜ್ಜಿ, ಅಲಗಿನ ಸಂದಿಗಳ ಕೊಳೆ ತೆಗೆದು, ಬೆರಳಿನಿಂದ ತಿರುಗಿಸಿ ನೋಡಿದ. ಬುಷ್ಷಿಗೆ ಒಂದೇ ಹನಿ ಎಣ್ಣೆ. ಹೆಚ್ಚಾದರೆ ಕಾರ್ಬನ್ ಬ್ರಶ್ಶಿಗೆ ತಗಲಿ ಕೆಡುತ್ತದೆ. ತರುವಾಯ ರೆಸಿಸ್ಟರನ್ನು ಹೊರತೆಗೆದ. ಅದರ ಪ್ಲಗ್ಗಿನ ಒಂದು ಕಾಲು ಕಪ್ಪಾಗಿ ಪ್ಲಾಸ್ಟಿಕ್ಕು ಕರಗಿತ್ತು. ರೆಸಿಸ್ಟರಿನ ಜೊತೆಗೆ ಆ ಪ್ಲಗ್ಗನ್ನೂ ಬದಲಿಸಿದ. ಸಡಿಲವಾದ ಹಳೆಯ ಪ್ಲಗ್ಗಿಗೆ ಹೊಸ ರೆಸಿಸ್ಟರ್ ಸಿಕ್ಕಿಸಿದರೆ ಅದೂ ಬೇಗನೆ ಸುಡುವುದು. ಕೊನೆಗೆ ಗಾಳಿಯ ಸೀಳುಗಳಿಗೆ ಒಳಗಡೆಯಿಂದ ಸಣ್ಣ ತಂತಿಬಲೆಯನ್ನು ಕೂರಿಸಿದ. ಬ್ಯಾಟರಿ ಸೇರಿಸಿ ಸ್ವಿಚ್ಚನ್ನು ಒಂದಕ್ಕಿಟ್ಟಾಗ ಪಂಖ ಪಿಸುಮಾತಿನಂತೆ ತಿರುಗಿತು. ಎರಡು, ಮೂರು, ನಾಲ್ಕು. ಮೀಟರಿನ ಮುಳ್ಳೂ ತನ್ನ ಜಾಗದಲ್ಲಿತ್ತು.

ರೆಸಿಸ್ಟರೊಂದನ್ನೇ ಬದಲಿಸಿ ಕಳಿಸುವುದು ಹತ್ತು ನಿಮಿಷದ ಕೆಲಸ. ಆದರೆ ಸುಟ್ಟದ್ದನ್ನು ಬದಲಿಸಿ, ಸುಟ್ಟ ಕಾರಣವನ್ನು ಒಳಗೇ ಬಿಟ್ಟರೆ, ಗಿರಾಕಿ ತಿಂಗಳೊಳಗೆ ಮತ್ತೆ ಬರುತ್ತಾನೆ. ಇಲ್ಲವೇ ಘಟ್ಟದಲ್ಲಿ ನಿಲ್ಲುತ್ತಾನೆ.

ಲಕ್ಷಣ ನೋಡಿ ರೋಗ ಹೇಳುವುದು

ಪಿಕಪ್ ಆಗಲಿ, ಕುಟುಂಬದ ಕಾರಾಗಲಿ, ಬ್ಲೋವರಿನ ಕಾಯಿಲೆಗಳು ಬಹುಮಟ್ಟಿಗೆ ಒಂದೇ. ಯಾವ ವೇಗದಲ್ಲಿಯೂ ತಿರುಗದಿದ್ದರೆ ಮೊದಲು ಫ್ಯೂಸು, ಆಮೇಲೆ ರಿಲೇ ಮತ್ತು ಸ್ವಿಚ್ಚು ನೋಡಬೇಕು. ಅವು ಸರಿಯಿದ್ದರೆ ಟೆಸ್ಟ್ ಲ್ಯಾಂಪಿನ ಒಂದು ತಂತಿಯನ್ನು ಗಾಡಿಯ ಬರಿಯ ಲೋಹಕ್ಕೆ ಕಚ್ಚಿಸಿ, ಇನ್ನೊಂದು ತುದಿಯನ್ನು ಮೋಟಾರಿನ ಪ್ಲಗ್ಗಿಗೆ ಮುಟ್ಟಿಸಬೇಕು. ದೀಪ ಹೊತ್ತದಿದ್ದರೆ ವಿದ್ಯುತ್ತು ದಾರಿಯಲ್ಲೆಲ್ಲೋ ತಪ್ಪಿಹೋಗಿದೆ. ದೀಪ ಹೊತ್ತಿಯೂ ಮೋಟಾರು ತಿರುಗದಿದ್ದರೆ ಅರ್ಥ್ ತಂತಿಯ ಮೇಲೆ ಅನುಮಾನಪಡಬೇಕು; ಮಲೆನಾಡಿನ ತೇವಕ್ಕೆ ಆ ಕೀಲಿನಲ್ಲಿ ಕಿಲುಬು ಹಿಡಿದಿರುತ್ತದೆ. ಕೆಲವು ಗಾಡಿಗಳಲ್ಲಿ ಸ್ವಿಚ್ಚೇ ಅರ್ಥಿನ ಕಡೆಗಿರುವುದರಿಂದ ಅಲ್ಲಿ ಪರೀಕ್ಷೆಯ ಕ್ರಮ ಬೇರೆಯಾಗುತ್ತದೆ. ಅರ್ಥೂ ಸರಿಯಿದ್ದು, ಮೋಟಾರಿನ ಮೈಯನ್ನು ಮೆಲ್ಲಗೆ ತಟ್ಟಿದಾಗ ತಿರುಗತೊಡಗಿದರೆ ಕಾರ್ಬನ್ ಬ್ರಶ್ಶು ಸವೆದಿದೆಯೆಂದು ತಿಳಿಯಬೇಕು.

ಪಂಖ ಚೆನ್ನಾಗಿ ತಿರುಗುತ್ತಿದ್ದು ಗಾಜಿಗೆ ಗಾಳಿ ಬಾರದಿದ್ದರೆ ಗಾಳಿಯ ದಿಕ್ಕು ಬದಲಿಸುವ ಬಾಗಿಲಿನ ಕೇಬಲ್ಲು ಕಳಚಿರಬಹುದು, ಇಲ್ಲವೇ ಫಿಲ್ಟರು ಕಟ್ಟಿರಬಹುದು. ಗಾಳಿ ಬಂದೂ ಬಿಸಿಯಿಲ್ಲದಿದ್ದರೆ ತಪ್ಪು ಪಂಖದ್ದಲ್ಲ. ಎಂಜಿನ್ನಿನ ನೀರನ್ನೂ ಥರ್ಮೋಸ್ಟಾಟನ್ನೂ ನೋಡಬೇಕು, ಅದೂ ಎಂಜಿನ್ ತಣಿದ ಮೇಲೆ. ಏರ್‌ಬ್ಯಾಗ್ ಇರುವ ವಾಹನಗಳ ಡ್ಯಾಶ್‌ಬೋರ್ಡನ್ನು ಅರಿಯದವರು ಬಿಚ್ಚಬಾರದು.

ದಾರಿಯ ನಡುವೆ ನಿಂತರೆ

ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಮಕ್ಕಳುಮರಿಯೊಡನೆ ಹೊರಟ ಸಂಸಾರಸ್ಥರು, ಘಟ್ಟದಲ್ಲಿ ಬ್ಲೋವರ್ ಕೈಕೊಟ್ಟರೆ ಗಾಬರಿಯಾಗಬೇಕಿಲ್ಲ. ವೇಗ ತಗ್ಗಿಸಿ, ತಿರುವಿಲ್ಲದ ಅಗಲವಾದ ಜಾಗದಲ್ಲಿ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಬೇಕು. ಎರಡು ಕಡೆಯ ಕಿಟಕಿಗಳನ್ನೂ ನಾಲ್ಕು ಬೆರಳಿನಷ್ಟು ಇಳಿಸಿದರೆ ಒಳಗಿನ ಆವಿ ಹೊರಗೆ ಹೋಗುತ್ತದೆ. ಸ್ವಲ್ಪ ನೆನೆಯುವುದು ಕುರುಡಾಗಿ ಓಡಿಸುವುದಕ್ಕಿಂತ ಲೇಸು. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಹೊರಗಾಳಿಗೆ ತಿರುಗಿಸಬೇಕು. ಒಣ ಸಾಬೂನನ್ನು ಗಾಜಿನ ಒಳಮೈಗೆ ತೆಳ್ಳಗೆ ಸವರಿ, ಒಣ ಬಟ್ಟೆಯಿಂದ ಹೊಳೆಯುವಂತೆ ಒರೆಸಿದರೆ ನೀರು ಹನಿಗಟ್ಟದೆ ತೆಳುವಾಗಿ ಹರಡಿಕೊಂಡು ದೃಷ್ಟಿ ಬಿಡುತ್ತದೆ. ಬ್ಲೋವರ್ ಕೆಲಸಮಾಡುತ್ತಿರುವ ಹವಾನಿಯಂತ್ರಿತ ಗಾಡಿಯಲ್ಲಿ ಏರ್‌ಕಂಡೀಷನರನ್ನೂ ಹೀಟರನ್ನೂ ಒಟ್ಟಿಗೆ ನಡೆಸಬಹುದು. ಒಂದು ಗಾಳಿಯ ತೇವ ಹೀರುತ್ತದೆ, ಇನ್ನೊಂದು ಬೆಚ್ಚಗಾಗಿಸುತ್ತದೆ.

ಇನ್ನೊಂದು ವಿಚಿತ್ರವಿದೆ. ತಣ್ಣನೆಯ ಗಾಡಿಯಲ್ಲಿ ಘಟ್ಟವಿಳಿದು ಕರಾವಳಿಯ ಸೆಖೆಗೆ ಬಂದಾಗ ಗಾಜಿನ ಹೊರಮೈ ಮಸುಕಾಗುವುದುಂಟು. ಅದನ್ನು ಒಳಗಿನಿಂದ ಎಷ್ಟು ಒರೆಸಿದರೂ ಹೋಗದು. ಅಲ್ಲಿ ವೈಪರು ಹಾಕಿ, ಒಳಗಿನ ತಂಪನ್ನು ತಗ್ಗಿಸಬೇಕು. ಮಂಜು ಯಾವ ಕಡೆಗಿದೆಯೆಂದು ಬೆರಳಿನಿಂದ ಮುಟ್ಟಿ ನೋಡಿದರೆ ಅರ್ಧ ಚಿಕಿತ್ಸೆ ಆದಂತೆಯೇ.

ನಮ್ಮ ತರುಣನ ಗಾಡಿ ಅಂದು ಸಂಜೆ ಬಾಳ್ಳುಪೇಟೆಯ ದಾರಿಯಾಗಿ ಆಲೂರಿನತ್ತ ಹೊರಟಾಗ ಮಳೆ ಹಿಂದಿನ ದಿನದಂತೆಯೇ ಸುರಿಯುತ್ತಿತ್ತು. ಗಾಜು ಮಾತ್ರ ತಿಳಿಯಾಗಿತ್ತು. ಮನೆಗೆ ಹೋಗಿ, ಬಿಚ್ಚಿದ ಎಲೆಯ ಗೂಡನ್ನು ಒಂದು ಚೀಲದಲ್ಲಿ ತಂದು ತಾಯಿಯ ಮುಂದಿಟ್ಟ.

"ಇದೇ ನೋಡಮ್ಮಾ, ಗಾಡಿಯ ಕಣ್ಣಿನ ಪೊರೆ."

ಆಕೆ ಪಟ್ಟಿಯಿಲ್ಲದ ಕಣ್ಣಿನಿಂದ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನನಗೂ ಮೊದಮೊದಲು ಸ್ವಲ್ಪವೇ ಮಬ್ಬಾಗಿತ್ತು. ನಾನೂ ಸುಮ್ಮನೇ ಇದ್ದೆ, ಮಗಾ" ಎಂದಳು.